ಎಡಗಡೆಯ ಎರಡು ಫಿಲ್ಲರುಗಳು

ಎರಡು ವರ್ಷದ ಹಿಂದೆ, ಮೇ ತಿಂಗಳ ಕೊನೆಯ ಶನಿವಾರ. ಬೆಳಗಿನ ಐದೂವರೆಗೆ ಎದ್ದು ಅಂಗಳಕ್ಕೆ ನೀರು ಹಾಕಿದೆ, ಆಮೇಲೆ ಹಿತ್ತಲಿಗೂ ನಾಲ್ಕು ಬಕೆಟ್ ಹೊಡೆದೆ. ಅಂಗಳದ್ದು ರಂಗೋಲಿಗೆ, ಹಿತ್ತಲದ್ದು ಧೂಳು ಕೂರಿಸಲಿಕ್ಕೆ. ಬಳ್ಳಾರಿಯ ಕೆಂಪು ಧೂಳಿನ ಒಂದು ಕಣ ಹಸಿ ಬಣ್ಣದ ಮೇಲೆ ಬಂದು ಕೂತರೂ ಅರ್ಧ ದಿನದ ಕೆಲಸ ಮೊದಲಿನಿಂದ ಶುರು. ಒಲೆಯ ಒಂದು ಕಡೆ ರೊಟ್ಟಿಯ ಹಂಚು, ಇನ್ನೊಂದು ಕಡೆ ಚಹಾ. ನಮ್ಮ ಮನೆಯವರು, ಎರ್ರಿಸ್ವಾಮಿ, ಕುರುಗೋಡಿಗೆ ಹೊರಟಿದ್ದರು. ಅಲ್ಲಿ ಯಾರದೋ ಟ್ರ್ಯಾಕ್ಟರಿನ ಬಾನೆಟ್ಟಿಗೆ ಸ್ಥಳದಲ್ಲೇ ಬಣ್ಣ ಹೊಡೆದು ಬರಬೇಕಿತ್ತು.

“ನಾಕು ಗಂಟಿಗೆ ಗೌಡ್ರು ಬರ್ತಾರ,” ಚಪ್ಪಲಿ ಮೆಟ್ಟುತ್ತಾ ಅಂದರು. “ಹೊಸಾದು ಹಳೇದು ಅಂತ ಗೊತ್ತಾಗಬಾರ್ದು ನೋಡು.”

“ಯಾವತ್ತಾದ್ರೂ ಗೊತ್ತಾಗೇತೇನ್ರಿ?” ಅಂದೆ. ಆ ಮಾತಿನಲ್ಲಿ ಜಂಬವಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಪಡಿತರ ಚೀಟಿಯಲ್ಲಿ ನನ್ನ ಹೆಸರಿನ ಮುಂದೆ ‘ಗೃಹಿಣಿ’ ಎಂದಿದೆ. ಅದು ನಿಜವೇ. ಆದರೆ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಕಾರುಗಳ ಬಣ್ಣ ಬೆರೆಸುವವಳೂ ನಾನೇ. ನೆಗ್ಗು ತೆಗೆಯುವುದು, ಬೆಸುಗೆ ಹಾಕುವುದು, ಗಿರಾಕಿಗಳ ಜತೆ ಮಾತಾಡುವುದು ಮನೆಯವರ ಕೆಲಸ. ಬಣ್ಣ ಹೊಂದಿಸುವುದು ನನ್ನದು. ಮದುವೆಯಾದ ಹೊಸದರಲ್ಲಿ ಚಹಾ ಕೊಡಲು ಹೋದವಳು “ಅದು ಸ್ವಲ್ಪ ಹಸಿರಿಗೆ ಎಳಿತೈತಲ್ರಿ” ಎಂದು ಬಾಯಿ ತಪ್ಪಿ ಅಂದಿದ್ದೆ. ಆವತ್ತಿನಿಂದ ಆ ಕೆಲಸ ನನಗೆ ಅಂಟಿಕೊಂಡಿತು. ಚಿಕ್ಕವಳಿದ್ದಾಗ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನಮ್ಮಿಂದ ಎಲೆಗಳ ಪುಸ್ತಕ ಇಡಿಸುತ್ತಿದ್ದರು. ಎಲೆ ಅಂಟಿಸಿ, ಪಕ್ಕದಲ್ಲಿ ತಾರೀಖು, ಬಿಸಿಲೋ ಮೋಡವೋ ಎಂಬುದನ್ನು ಸ್ಕೇಲಿನಿಂದ ಗೆರೆ ಎಳೆದು ಬರೆಯಬೇಕಿತ್ತು. ಅದೇ ಅಭ್ಯಾಸದಲ್ಲಿ ಬಣ್ಣದ್ದೂ ಒಂದು ಪುಸ್ತಕ ಇಟ್ಟಿದ್ದೇನೆ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಬಣ್ಣ ಹೊಡೆದು, ಕಾರಿನ ಮೇಲೆ ಇಟ್ಟು ನೋಡಿ, ಸರಿಹೋದದ್ದನ್ನು ಕತ್ತರಿಸಿ ಅಂಟಿಸುತ್ತೇನೆ. ಯಾವ ಕಾರು, ಯಾವ ಜಾಗ, ಎಷ್ಟು ಹನಿ ಕಪ್ಪು, ಎಷ್ಟು ಹನಿ ನೀಲಿ ಎಲ್ಲವೂ ಅದರಲ್ಲಿರುತ್ತದೆ. ಕೊನೆಯ ಕಾಲಮ್ಮಿನಲ್ಲಿ, ಹೊಸ ಬಣ್ಣ ಹಳೆಯದರಲ್ಲಿ ಪೂರ್ತಿ ಬೆರೆತುಹೋಗಿದ್ದರೆ, ‘ಕಾಣುವುದಿಲ್ಲ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೇನೆ. ನನಗೆ ಸಿಗುವ ಮಾರ್ಕು ಅದು.

ಶೆಡ್ಡಿನಲ್ಲಿ ನಿಂತಿದ್ದ ಕಾರು ಸಿರುಗುಪ್ಪದ ಪಂಪನಗೌಡರದು. ಸರ್ವೇ ಇಲಾಖೆಯಿಂದ ನಿವೃತ್ತರಾಗಿ ಹನ್ನೆರಡು ವರ್ಷವಾದವರು. ಮಗ, ಸೊಸೆ, ಮೊಮ್ಮಗಳು ಎಲ್ಲ ಒಂದೇ ಮನೆಯಲ್ಲಿ. ಕಾರಿಗೂ ಮೂವತ್ತು ದಾಟಿದೆ, ತಯಾರಿಸಿದ ಕಂಪನಿ ಆ ಮಾದರಿಯನ್ನೇ ಎಂದೋ ಮರೆತಿದೆ. ಬಣ್ಣ ಮರೂನು. ನೆರಳಿನಲ್ಲಿ ನೋಡಿದರೆ ಈ ವರ್ಷದ ಬ್ಯಾಡಗಿ ಮೆಣಸಿನಕಾಯಿ. ಆದರೆ ಮನೆ ಮುಂದೆ ಎಡಮಗ್ಗುಲು ಪಡುವಣಕ್ಕೆ ಮಾಡಿ ನಿಲ್ಲಿಸಿ ನಿಲ್ಲಿಸಿ ಆ ಒಂದು ಕಡೆ ಮಾತ್ರ ಹೋದ ವರ್ಷದ ಮೆಣಸಿನಕಾಯಿಯಂತೆ ಕಂದಿದೆ. ಹಾಗಾಗಿ ಆ ಕಾರಿಗೆ ಎರಡು ಡಬ್ಬಿ ಬಣ್ಣ ಬೆರೆಸಬೇಕು, ಬಲಕ್ಕೊಂದು, ಎಡಕ್ಕೊಂದು.

ಈ ಸಲದ ಕೆಲಸ ಫಿಲ್ಲರುಗಳದು. ಹಳೆಯ ಕಾರುಗಳಲ್ಲಿ ಬಂಪರು ಉಕ್ಕಿನದು, ಬಾಡಿಯಿಂದ ಮೂರು ಬೆರಳು ದೂರ ನಿಂತಿರುತ್ತದೆ. ಆ ಸಂದು ಮುಚ್ಚಲು ಮೂಲೆಗಳಲ್ಲಿ ಬಾಡಿಯದೇ ಬಣ್ಣದ, ಬಗ್ಗುವ ಪ್ಲಾಸ್ಟಿಕ್ ತುಂಡು ಕೂರಿಸಿರುತ್ತಾರೆ. ಅದೇ ಫಿಲ್ಲರ್. ಬಂಪರಿಗೆ ಸಣ್ಣ ಪೆಟ್ಟು ಬಿದ್ದರೆ ತಾನು ಮಡಚಿಕೊಂಡು ಬಾಡಿಯನ್ನು ಉಳಿಸಬೇಕು. ನಮ್ಮ ಬಿಸಿಲಿಗೆ ಅದು ಕೆಲವೇ ವರ್ಷದಲ್ಲಿ ಒಣಗಿದ ಹಪ್ಪಳವಾಗುತ್ತದೆ. ಗೌಡರ ಕಾರಿನ ನಾಲ್ಕೂ ಹೋಗಿದ್ದವು. ಬಲಗಡೆಯವು ಅಂಚು ಉದುರಿದರೂ ಇಡಿಯಾಗಿ ಬಿಚ್ಚಿ ಬಂದವು. ಎಡಗಡೆಯವು ಚೂರುಚೂರಾಗಿ ಬಂದವು. ಅವನ್ನು ಟೇಪಿನಿಂದ ಜೋಡಿಸಿ, ಕುರುಗೋಡಿನಲ್ಲಿ ಫೈಬರ್ ಕೆಲಸ ಮಾಡುವವರ ಹತ್ತಿರ ಅಚ್ಚು ತೆಗೆಸಿ ನಾಲ್ಕು ಹೊಸ ತುಂಡು ಮಾಡಿಸಿದ್ದೆವು.

ಕಾರು ಬಿಟ್ಟು ಹೋಗುವಾಗ ಗೌಡರು ಶೆಡ್ಡಿನ ಬಾಗಿಲಲ್ಲಿ ನಿಂತು ದನಿ ಇಳಿಸಿದ್ದರು. “ಮನ್ಯಾಗ ಸರ್ವಿಸಿಗೆ ಬಿಟ್ಟೀನಂತ ಹೇಳೀನವ್ವ. ಇನ್ನೊಂದು ಗೀರು ಬಿದ್ರ ಚಾವಿ ಕಸ್ಗೊಂತೀನಂತ ಮಗ ಅಂದಾನ. ಮೂವತ್ತು ವರ್ಷದ ಗಾಡಿ. ಚಾವಿ ಕೊಟ್ರ ನಾ ಏನು ಟಿವಿ ಮುಂದ ಕುಂದ್ರಲೇನು?” ನಮಗೂ ನಗು ಬಂದಿತ್ತು. ಮನೆಯವರು, “ಯಾರಪ್ಪನಿಗೂ ಗೊತ್ತಾಗಂಗಿಲ್ಲ ಬಿಡ್ರಿ,” ಎಂದು ಧೈರ್ಯ ಹೇಳಿ ಕಳಿಸಿದ್ದರು.

ಏಳು ಗಂಟೆಗೆ, ಗಾಳಿ ಏಳುವ ಮುಂಚೆ, ಬಲಗಡೆಯ ಎರಡನ್ನು ಹೊಡೆಯಲು ನಿಂತೆ. ಹಿಂದಿನ ಎರಡು ದಿನ ನಾಲ್ಕನ್ನೂ ಸೋಪಿನ ನೀರಲ್ಲಿ ತೊಳೆದು, ಥಿನ್ನರಿನಲ್ಲಿ ಒರೆಸಿ, ಅಚ್ಚಿನ ಮೇಣದ ಜಿಡ್ಡು ಬಿಡಿಸಿದ್ದೆ. ಸೂಜಿಮೊನೆಯಷ್ಟು ತೂತುಗಳಿಗೆ ಲಪ್ಪಂ ತುಂಬಿ, ಉಜ್ಜಿ, ಬಣ್ಣದ ಅಡಿಗೆ ಬೂದು ಪ್ರೈಮರ್ ಹೊಡೆದಿದ್ದೆ. ಜಿಡ್ಡು ಉಳಿದರೆ ಮೇಲಿನ ಬಣ್ಣ ಹಾಲಿನ ಕೆನೆಯಂತೆ ಎದ್ದು ಬರುತ್ತದೆ. ಇನ್ನು ಉಳಿದ ಶತ್ರು ಎಂದರೆ ಪಕ್ಕದ ಮನೆಯ ಹುಲಿಗೆಮ್ಮ. ಅವಳು ಜೀನ್ಸ್ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸಿ ಕೊಡುತ್ತಾಳೆ. ಕತ್ತರಿಸಿದ ಮೇಲೆ ಒಂದೊಂದನ್ನೇ ಫಟ್ಟೆಂದು ಝಾಡಿಸುತ್ತಾಳೆ. ನೀಲಿ ಎಳೆಗಳು ಗೋಡೆ ಹಾರಿ ನಮ್ಮಲ್ಲಿಗೆ ಬರುತ್ತವೆ.

“ಕಾರು ಹೋಗೋ ತನಕ ಝಾಡಿಸಬ್ಯಾಡ ಹುಲಿಗೆಮ್ಮ,” ಎಂದು ಗೋಡೆಯ ಮೇಲಿಂದ ಕೂಗಿದೆ.

“ಆತು ಬಿಡಕ್ಕ, ನಿನ್ನ ಕಾರಿನ ಸಲುವಾಗಿ ಉಸುರೂ ಬಿಡಂಗಿಲ್ಲ. ಸತ್ರ ನೀನೇ ಬಂದು ಮಣ್ಣು ಮಾಡು.”

ಮನೆಯವರ ಹಳೆಯ ಶರಟು ಸೀರೆಯ ಮೇಲೆ ತೊಟ್ಟು, ಮಾಸ್ಕು ಕಟ್ಟಿ, ಬಲಗಡೆಯ ಎರಡು ತುಂಡಿಗೆ ಮೂರು ಕೋಟು ಹೊಡೆದೆ. ಚೆನ್ನಾಗಿ ಬಂತು. ಅವು ಒಣಗುವಷ್ಟರಲ್ಲಿ ಕಾರಿನ ಒಳಗನ್ನು ಒರೆಸೋಣವೆಂದು ಬಾಗಿಲು ತೆಗೆದೆ.

ಡ್ರೈವರ್ ಪಕ್ಕದ ಸೀಟಿನ ಸಂದಿನಲ್ಲಿ ಒಂದು ಹೇರ್‌ಕ್ಲಿಪ್ಪಿತ್ತು. ಹಳದಿ ಚಿಟ್ಟೆ, ಒಂದು ರೆಕ್ಕೆಯ ಮೇಲೆ ಮಾತ್ರ ಹೊಳಪಿನ ಹರಳು ಉಳಿದಿತ್ತು. ಕಾಲಿಡುವ ಕಡೆ ಪೆನ್ಸಿಲ್ ಹೆರೆದ ಸಿಪ್ಪೆ. ಎದುರಿನ ಗಾಜಿಗೆ ಒಳಗಿನಿಂದ ಸಣ್ಣ ಕೈಯ ಗುರುತು. ಗೌಡರ ಮೊಮ್ಮಗಳು ಚಿನ್ನುವಿನದು. ಅವಳನ್ನು ದಿನಾ ಸಿರುಗುಪ್ಪದಿಂದ ತೆಕ್ಕಲಕೋಟೆಯ ಶಾಲೆಗೆ ಬಿಟ್ಟು ಬರುವವರು ಅಜ್ಜನೇ ಎಂದು ನನಗೆ ಗೊತ್ತಿತ್ತು. ಸೋಮವಾರ ಶಾಲೆ ಶುರು, ಅದಕ್ಕೇ ಕಾರು ಇವತ್ತೇ ಬೇಕು ಎಂದಿದ್ದರು. ಗಾಜು ಒರೆಸಲು ಮನಸ್ಸು ಬರಲಿಲ್ಲ. ಕ್ಲಿಪ್ಪನ್ನು ಶರಟಿನ ಜೇಬಿಗೆ ಹಾಕಿಕೊಂಡು ಎಡಗಡೆಯ ಬಣ್ಣಕ್ಕೆ ಲೆಕ್ಕ ನೋಡಲು ಪುಸ್ತಕ ತೆಗೆದೆ.

ಹಿಂದೆ ಬೆರೆಸಿದ್ದು ಇದ್ದರೆ ಅಲ್ಲಿಂದ ಶುರು ಮಾಡುವುದು ಸುಲಭ. ಇತ್ತು. ಮಾರ್ಚ್: ಗೌಡರ ಕಾರು, ಎಡ ಮುಂದಿನ ಮಡ್‌ಗಾರ್ಡ್, ನೆಗ್ಗು. ಕಾಣುವುದಿಲ್ಲ. ಒಂದು ಹಾಳೆ ಹಿಂದೆ, ಜನವರಿ: ಎಡ ಕನ್ನಡಿಯ ಕವಚ. ಕಾಣುವುದಿಲ್ಲ. ಇನ್ನೂ ಹಿಂದೆ, ನವೆಂಬರ್: ಎಡ ಹಿಂದಿನ ಬಾಗಿಲು, ಉದ್ದ ಗೀರು. ಕಾಣುವುದಿಲ್ಲ. ಅದರ ಹಿಂದಿನ ಆರು ವರ್ಷದಲ್ಲಿ ಆ ಕಾರಿಗೆ ಇದ್ದದ್ದು ಒಂದೇ ಪುಟ, ಅದೂ ತುಕ್ಕು ಹಿಡಿದ ಡಿಕ್ಕಿಯದು.

ನಾನು ಹೋಗಿ ಕಸದ ತೊಟ್ಟಿಯಲ್ಲಿ ಎಸೆದಿದ್ದ ಹಳೆಯ ಫಿಲ್ಲರುಗಳ ಚೂರು ಆರಿಸಿ ತಂದೆ. ಮುಂದಿನ ಎಡದ ತುಂಡಿನ ಅಂಚಿನಲ್ಲಿ ಬಿಳಿ ಸುಣ್ಣ ಉಜ್ಜಿತ್ತು. ಯಾವುದೋ ಗೋಡೆ. ಹಿಂದಿನ ಎಡದ ತುಂಡಿನಲ್ಲಿ ಹಸಿರು ಬಣ್ಣದ ಗೆರೆ. ಯಾವುದೋ ಗೇಟು. ಬರೀ ಪಡುವಣ ಬಿಸಿಲಿಗೆ ಒಡೆದದ್ದಾಗಿದ್ದರೆ ಈ ಸುಣ್ಣ, ಈ ಹಸಿರು ಎಲ್ಲಿಂದ ಬರಬೇಕು? ದಿನಾ ಇಂಥದ್ದನ್ನೇ ನೋಡುವ ನನ್ನ ಕಣ್ಣಿಗೆ ಇದು ಏಳು ತಿಂಗಳು ಬೀಳಲಿಲ್ಲ. ಒಂದೊಂದು ಸಲವೂ ಒಂದೊಂದು ಬಣ್ಣವನ್ನಷ್ಟೇ ನೋಡಿದ್ದೆ.

ಹನ್ನೊಂದು ಗಂಟೆಗೆ ಮನೆಯವರಿಗೆ ಫೋನು ಮಾಡಿದೆ.

“ರೀ, ಗೌಡ್ರ ಕಾರು ಬರೇ ಎಡಕ್ಕ ಹೊಡಿಸ್ಕೊಂಡೈತಿ. ನವೆಂಬರಿನಿಂದ ನಾಕ್ನೇ ಸಲ.”

“ಅದಕ್ಕ?”

“ಅವರಿಗೆ ಎಡಗಣ್ಣು ಕಾಣ್ತೈತೋ ಇಲ್ಲೋ. ಆ ಕಡೇನೇ ಕೂಸು ಕುಂದ್ರತೈತಿ.”

ಆ ಕಡೆ ಕಂಪ್ರೆಸರಿನ ಸದ್ದು. “ಏ ತಾಯಿ, ನಾವು ಬಣ್ಣ ಹಚ್ಚೋರು. ಕಣ್ಣಿನ ಡಾಕ್ಟ್ರಲ್ಲ. ಸಿರುಗುಪ್ಪ ಕಡಿಂದ ಬರೋ ಗಿರಾಕಿ ಅರ್ಧ ಅವರು ಹೇಳಿ ಕಳಿಸಿದೋರು. ಸುಮ್ನ ಹಚ್ಚಿ ಕೊಡು, ಆಮ್ಯಾಲೆ ನೋಡಣಂತ.”

ಆಮೇಲೆ ಎಂದರೆ ಸೋಮವಾರ. ಸೋಮವಾರ ಬೆಳಗ್ಗೆ ಆ ಚಿಟ್ಟೆ ಕ್ಲಿಪ್ಪಿನ ತಲೆ ಆ ಸೀಟಿನಲ್ಲಿರುತ್ತದೆ.

ಅಡುಗೆಮನೆಗೆ ಬಂದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಹಾಕಿದೆ. ರುಚಿ ನೋಡಿ ಚೆಲ್ಲಿದೆ. ಮತ್ತೆ ಶೆಡ್ಡಿಗೆ ಹೋಗಿ ಎಡಗಡೆಯ ಬಣ್ಣ ಬೆರೆಸಲು ಕೂತೆ. ಕೆಂಪಿಗೆ ಕಪ್ಪು ಏಳು ಹನಿ, ನೀಲಿ ಒಂದು, ಕಂದಿದ್ದಕ್ಕೆ ಚೂರು ಬಿಳಿ. ಲಗ್ನಪತ್ರಿಕೆಯ ಬೆನ್ನಿಗೆ ಹೊಡೆದು, ಒಣಗಿಸಿ, ಎಡ ಮಡ್‌ಗಾರ್ಡಿನ ಮೇಲೆ ಇಟ್ಟೆ. ಪತ್ರಿಕೆ ಎಲ್ಲಿ ಮುಗಿದು ಕಾರು ಎಲ್ಲಿ ಶುರುವಾಯಿತು ಎಂದು ನನಗೇ ತಿಳಿಯಲಿಲ್ಲ. ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದೆ. ಸ್ಪ್ರೇ ಗನ್ನಿಗೆ ಬಣ್ಣ ತುಂಬಿದೆ. ಮಾಸ್ಕು ಕಟ್ಟಿಕೊಂಡೆ. ಮಾಸ್ಕು ತೆಗೆದೆ. ಬಣ್ಣವನ್ನು ಡಬ್ಬಿಗೆ ವಾಪಸು ಸುರಿದು ಗನ್ನು ತೊಳೆದೆ. ಹೀಗೆ ಎರಡು ಸಲ. ಮೂರನೇ ಸಲ ಗನ್ನು ಮುಟ್ಟಲಿಲ್ಲ. ಮೂರು ಗಂಟೆಗೆ ಒಂದು ನಿರ್ಧಾರಕ್ಕೆ ಬಂದವಳಂತೆ, ನಿಜವಾಗಿ ಬಂದಿರಲಿಲ್ಲ, ನಾಲ್ಕೂ ಫಿಲ್ಲರುಗಳನ್ನು ರಬ್ಬರ್ ವಾಷರ್ ಹಾಕಿ ಕಾರಿಗೆ ಕೂರಿಸಿದೆ. ಬಿಸಿಲಿಗೆ ಹಿಗ್ಗಲು ನೂಲಿನಷ್ಟು ಸಂದು ಬಿಟ್ಟು ಬೋಲ್ಟು ಬಿಗಿದೆ. ಬಲಗಡೆಯ ಎರಡು ಮರೂನು, ಹೊಳೆಯುತ್ತಿದ್ದವು. ಎಡಗಡೆಯ ಎರಡು ಬರೀ ಬೂದು ಪ್ರೈಮರು.

ಗೌಡರು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಬಸ್ಸಿಳಿದು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಈಗಲೂ ಎರಡು ಪೆನ್ಸಿಲು. ಬಲಗಡೆಯಿಂದ ಬಂದವರು ಮುಂದಿನ ಫಿಲ್ಲರನ್ನು ಸವರಿ, “ಭೇಷ್!” ಅಂದರು. ಅಲ್ಲೇ ಸ್ಟೂಲು ಕೊಟ್ಟೆ. ಚಹಾ ತಂದೆ. ಬೇಕೆಂದೇ ಅವರ ಎಡಗಡೆಯಿಂದ ಬಂದು, ಭುಜದ ಪಕ್ಕದಲ್ಲಿ ಕಪ್ಪು ಹಿಡಿದು ನಿಂತೆ. ಅವರು ಕಾರನ್ನು ನೋಡುತ್ತಾ ಕೂತರು. ಶುಂಠಿಯ ವಾಸನೆ ನನಗೇ ಬರುತ್ತಿತ್ತು. ಕೈ ನೋಯತೊಡಗಿತು.

“ಚಾ ಕುಡಿಸಂಗಿಲ್ಲೇನವ್ವ ಇವತ್ತು?” ಎಂದು ನಗುತ್ತಾ ಕೇಳಿದರು.

ಕಪ್ಪನ್ನು ಮುಂದಕ್ಕೆ ತಂದೆ. ಅವರು ಬೆಚ್ಚಿದರು. ನನ್ನ ಮುಖ ನೋಡಿದರು.

“ಎಡಕ್ಕ ಬಂದು ನೋಡ್ರಿ ಸಾಹೇಬ್ರ,” ಅಂದೆ ಕೊನೆಗೆ.

ಎದ್ದು ಸುತ್ತಿ ಬಂದರು. ಬೂದು ತುಂಡುಗಳನ್ನು ಕಂಡು ಮುಖ ಕೆಂಪಾಯಿತು. “ಇದೇನಿದು? ಮುಗಿದಿರ್ತೈತಿ ಅಂದಿದ್ನಲ್ಲ ನಿನ್ನ ಗಂಡ!”

“ಬಣ್ಣ ತಯಾರೈತ್ರಿ, ಆ ಡಬ್ಬ್ಯಾಗ. ಅರ್ಧ ತಾಸಿನ ಕೆಲಸ. ಹಚ್ಚಿದ್ರ ಯಾರಿಗೂ ಕಾಣಂಗಿಲ್ಲ. ಅದಕ್ಕ ಹಚ್ಚಿಲ್ಲ.”

“ಏನು ಮಾತಂತ ಆಡ್ತಿ!”

“ಎಡಗಣ್ಣು ಯಾವಾಗ್ಲಿಂದ ಕಾಣವಲ್ದರಿ?”

ಹುಲಿಗೆಮ್ಮನ ಕತ್ತರಿಯ ಸದ್ದು ಗೋಡೆಯಾಚೆ ಕಿಚಿಕಿಚಿ ಕೇಳುತ್ತಿತ್ತು. ಗೌಡರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಜೇಬಿನ ಪೆನ್ಸಿಲು ತೆಗೆದು, ನೋಡಿ, ಮತ್ತೆ ಇಟ್ಟರು.

“ದೀಪಾವಳಿ ಮುಂದ,” ಅಂದರು. “ಪೂರಾ ಕತ್ಲಿಲ್ಲ. ಹೊಗಿ ಹೊಗಿ ಇದ್ದಂಗ. ಅದರಾಗೇನೈತಿ? ಮೂವತ್ತೈದು ವರ್ಷ ಒಂದು ಕಣ್ಣು ಮುಚ್ಚಿ, ದುರ್ಬೀನಿನಾಗ ಒಂದೇ ಕಣ್ಣಿಲೆ ಈ ಜಿಲ್ಲಾದ ಭೂಮಿ ಅಳದೋನು ನಾನು. ಒಂದು ಅಂಗುಲ ತಪ್ಪಿಲ್ಲ.”

“ಆವಾಗ ಭೂಮಿ ನಿಂತಿರ್ತಿತ್ರಿ ಸಾಹೇಬ್ರ.”

ಆ ಮಾತು ಎಲ್ಲಿಂದ ಬಂತೋ. ಹಿರಿಯರಿಗೆ ಎದುರು ಮಾತಾಡಿದ ರೂಢಿ ನನಗಿಲ್ಲ. ಕೈಯನ್ನು ಶರಟಿನ ಜೇಬಿಗೆ ಹಾಕಿದೆ. ಕ್ಲಿಪ್ಪು ಚುಚ್ಚಿತು. ತೆಗೆದು ಅವರ ಅಂಗೈ ಮೇಲೆ ಇಟ್ಟೆ.

“ಎಡಗಡೆ ಸೀಟಿನ ಸಂದಿನಾಗಿತ್ರಿ. ಸೋಮವಾರ ಚಿನ್ನುನ್ನ ಆ ಕಡಿ ಕುಂದ್ರಿಸ್ಕೊಂಡು ಹೊಂಟೀನಿ ಅಂತ ನೀವು ಬಾಯಿಬಿಟ್ಟು ಹೇಳ್ರಿ. ಈಗಲೇ ಹಚ್ಚಿ ಕೊಡ್ತೀನಿ.”

ಅವರು ಕ್ಲಿಪ್ಪನ್ನು ಮುಷ್ಟಿಯಲ್ಲಿ ಹಿಡಿದರು. ಡ್ರೈವರ್ ಸೀಟಿನಲ್ಲಿ ಹೋಗಿ ಕೂತು ಬಾಗಿಲು ಹಾಕಿಕೊಂಡರು. ಚಾವಿ ಹಾಕಿದ ಸದ್ದು ಕೇಳಿತು. ಹೊರಟೇಬಿಟ್ಟರೆ ನಾನೇನು ಮಾಡಲಿ? ಅಡ್ಡ ನಿಲ್ಲುವುದೇ? ಗೇಟಿಗೆ ಬೀಗ ಹಾಕುವುದೇ? ಶೆಡ್ಡಿನ ಕಂಬ ಹಿಡಿದು ನಿಂತೆ. ಇಂಜಿನ್ನು ಶುರುವಾಗಲಿಲ್ಲ. ಕಿಟಕಿಯಲ್ಲಿ ನೋಡಿದರೆ ಅವರು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎದುರಿನ ಗಾಜಿನ ಎಡ ಮೂಲೆಯನ್ನು, ಆ ಸಣ್ಣ ಕೈಗುರುತಿದ್ದ ಜಾಗವನ್ನು ನೋಡುತ್ತಿದ್ದರು. ಕೈ ತೆಗೆದು ನೋಡುವರು. ಮತ್ತೆ ಮುಚ್ಚುವರು.

ಬಹಳ ಹೊತ್ತಾದ ಮೇಲೆ ಗಾಜು ಇಳಿಸಿದರು. “ಮಗಗ ಏನಂತ ಹೇಳ್ಲವ್ವ?”

“ನೀವೇನೂ ಹೇಳಬ್ಯಾಡ್ರಿ. ಕಾರು ನೋಡಿದ್ರ ಅವರೇ ಕೇಳ್ತಾರ.”

“ಹ್ಞೂಂ,” ಅಂದರು. “ನೀ ಸರ್ವೇದಾಗ ಇರಬೇಕಿತ್ತು. ಗಡಿಕಲ್ಲು ನೆಟ್ಟಂಗ ನೆಟ್ಟಿ.”

ಐದೂವರೆಗೆ ಮನೆಯವರು ಕುರುಗೋಡಿನಿಂದ ಬಂದರು. ಕಾರಿನ ಎಡಗಡೆಯಿಂದಲೇ ಒಳಗೆ ಬಂದದ್ದು. ಬೂದು ಫಿಲ್ಲರುಗಳನ್ನು ನೋಡಿ ನನ್ನ ಕಡೆ ತಿರುಗಿದ ಆ ನೋಟವನ್ನು ನಾನು ಇನ್ನೂ ಮರೆತಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಗೌಡರೇ ಕಾರಿನಿಂದ ಇಳಿದರು.

“ಬಣ್ಣ ಐತಿ ಎರ್ರಿಸ್ವಾಮಿ, ನಾನೇ ಬ್ಯಾಡಂದೆ,” ಅಂದರು. “ಸಿರುಗುಪ್ಪದ ತನಕ ನೀ ಓಡಿಸ್ಕೊಂಡು ನಡಿ. ನಾ ಈ ಕಡಿ ಕುಂದ್ರತೀನಿ.”

ಎಡಗಡೆಯ ಬಾಗಿಲಿನ ಹಿಡಿಕೆ ಹುಡುಕಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮನೆಯವರು ಅದನ್ನು ನೋಡಿದರು. ಬಂದು ಬಾಗಿಲು ತೆಗೆದುಕೊಟ್ಟರು. ಚಾವಿ ತೆಗೆದುಕೊಳ್ಳುವಾಗ, ನನಗೆ ಮಾತ್ರ ಕೇಳುವಂತೆ, “ಊಟಕ್ಕ ಕಾಯಬ್ಯಾಡ, ಅವರ ಮಗನ ಕೂಡ ಮಾತಾಡಿ ಬರ್ತೀನಿ,” ಅಂದರು. ಗೌಡರು ಮೊಮ್ಮಗಳ ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ಹಳದಿ ಚಿಟ್ಟೆ ಮುಷ್ಟಿಯಲ್ಲಿತ್ತು.

ಕಾರು ಹೋದ ಮೇಲೆ ಹಿತ್ತಲಿನ ಕಟ್ಟೆಯ ಮೇಲೆ ಪುಸ್ತಕ ಬಿಚ್ಚಿಕೊಂಡು ಕೂತೆ. ಬಲದ್ದು ಬರೆದೆ, ಪತ್ರಿಕೆಯ ತುಂಡು ಅಂಟಿಸಿದೆ. ಎಡ, ಮುಂದೆ ಮತ್ತು ಹಿಂದೆ: ಪ್ರೈಮರ್ ಮಾತ್ರ. ಬಣ್ಣ ಡಬ್ಬಿಯಲ್ಲಿದೆ, ಮುಚ್ಚಳದ ಮೇಲೆ ಹೆಸರು ಬರೆದಿದೆ. ಕೊನೆಯ ಕಾಲಮ್ಮಿಗೆ ಬಂದು ಪೆನ್ನು ನಿಂತಿತು. ಹದಿನೇಳು ವರ್ಷ ನಾನು ಪ್ರತಿ ಗೀರನ್ನೂ ಒಂದು ಬಣ್ಣದ ಲೆಕ್ಕವೆಂದು ಬಿಡಿಸಿದೆ. ಆ ಗೀರು ಎಲ್ಲಿ, ಹೇಗೆ ಬಿತ್ತು ಎಂದು ಕೇಳುವುದೂ ಈ ಕೆಲಸದ ಭಾಗ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆವತ್ತಿನಿಂದ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆದು, ‘ಹೇಗಾಯಿತು’ ಎಂಬ ಕಾಲಮ್ಮು ಸೇರಿಸಿದ್ದೇನೆ. ಗಿರಾಕಿಗಳು ಗೊಣಗುತ್ತಾರೆ, ಆದರೂ ಹೇಳುತ್ತಾರೆ. ಕೊನೆಯ ಕಾಲಮ್ಮಿನಲ್ಲಿ ಏನು ಬರೆಯಬೇಕೋ ಆ ಸಂಜೆ ಮಾತ್ರ ಹೊಳೆಯಲಿಲ್ಲ.

ಗೋಡೆಯಾಚೆ ಹುಲಿಗೆಮ್ಮ ಇಡೀ ದಿನದ ಸಿಟ್ಟನ್ನೆಲ್ಲ ಸೇರಿಸಿ ಒಂದು ಪ್ಯಾಂಟು ಫಟ್ಟೆಂದು ಝಾಡಿಸಿದಳು. ಇನ್ನೊಂದನ್ನು ಎತ್ತಿಕೊಳ್ಳುತ್ತಾ, ನನ್ನ ಕಡೆ ನೋಡದೆಯೇ ಅಂದಳು:

“ಅಯ್ಯ, ಆ ಕಾರಿಗೆ ಒಂದು ಕಡಿ ಬಣ್ಣ ಹಚ್ಚೋದೇ ಮರ್ತಿಯೇನಕ್ಕ? ಅಲ್ಲಿ ತಿರುವಿನ ತನಕ ಎದ್ದು ಕಾಣಾಕತ್ತಿತ್ತು ನೋಡು.”